ವಿಂಡೋಸ್ ಬದಲಾಯಿತು, ಕನ್ನಡ ಎಲ್ಲಿ ಹೋಯಿತು?

ವಿಜಯನಗರದ ಮಾರುತಿ ಮಂದಿರದ ಸುತ್ತಮುತ್ತ, ರಾಜಾಜಿನಗರದ ಭಾಷ್ಯಂ ವೃತ್ತದ ಆಸುಪಾಸು, ಬಸವೇಶ್ವರನಗರದ ಹಾವನೂರು ವೃತ್ತದ ಒಳರಸ್ತೆಗಳು, ಅತ್ತ ಕೆಂಗೇರಿ ಉಪನಗರ. ಪಶ್ಚಿಮ ಬೆಂಗಳೂರಿನಲ್ಲಿ ಎತ್ತ ಹೊರಟರೂ ‘ಜೆರಾಕ್ಸ್, ಡಿ.ಟಿ.ಪಿ., ಲ್ಯಾಮಿನೇಷನ್’ ಎಂಬ ಬೋರ್ಡು ಕಣ್ಣಿಗೆ ಬೀಳುತ್ತದೆ. ಒಳಗೆ ಒಂದೋ ಎರಡೋ ಕಂಪ್ಯೂಟರು, ಒಂದು ಪ್ರಿಂಟರು, ಪಕ್ಕದಲ್ಲಿ ಕಟ್ಟುಗಟ್ಟಲೆ ಹಾಳೆ. ಬಾಡಿಗೆ ಕರಾರು, ಗೃಹಪ್ರವೇಶದ ಆಮಂತ್ರಣ, ವೈಕುಂಠ ಸಮಾರಾಧನೆಯ ಕಾರ್ಡು, ಬಡಾವಣೆ ಸಂಘದ ವಾರ್ಷಿಕ ವರದಿ, ರಾಜ್ಯೋತ್ಸವದ ಬ್ಯಾನರು ಎಲ್ಲ ಸಿದ್ಧವಾಗುವುದು ಇಲ್ಲಿ. ಈ ನಗರದಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವರು ಎಲ್ಲಿದ್ದಾರೆ ಎಂದು ಯಾರಾದರೂ ಕೇಳಿದರೆ ಮೊದಲು ತೋರಿಸಬೇಕಾದದ್ದು ಈ ಅಂಗಡಿಗಳನ್ನು.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. 2015ರ ಜುಲೈನಲ್ಲಿ ಬಂದು ಹತ್ತು ವರ್ಷ ದುಡಿದ ವ್ಯವಸ್ಥೆ ಅದು. ಆಮೇಲೆ ಕೆಲವರು ಹೊಸ ಯಂತ್ರ ಕೊಂಡರು, ಕೆಲವರು ಇದ್ದದ್ದಕ್ಕೇ ‘ಫಾರ್ಮ್ಯಾಟ್ ಹೊಡೆಸಿ’ ವಿಂಡೋಸ್ 11 ಹಾಕಿಸಿದರು. ಹಾಗೆ ಮಾಡಿಸಿದ ಮರುದಿನ ಬೆಳಿಗ್ಗೆ ಏನಾಗುತ್ತದೆ ಎನ್ನುವುದು ಈ ಕಸುಬಿನವರಿಗೆಲ್ಲ ಗೊತ್ತು. ಹೋದ ವರ್ಷದ ಲಗ್ನಪತ್ರಿಕೆಯ ಫೈಲು ತೆರೆದರೆ ‘ಕನ್ನಡ’ ಎಂದು ಇರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ಎ, ಜರ್ಮನ್ ಭಾಷೆಯದೊಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಗೀಟಿನ ಎ. ಎದುರಿಗೆ ನಿಂತ ಗಿರಾಕಿ ಬಗ್ಗಿ ನೋಡಿ ‘ಏನಣ್ಣ, ವೈರಸ್ಸಾ?’ ಎನ್ನುತ್ತಾನೆ.

ವೈರಸ್ ಅಲ್ಲ. ಫೈಲು ಕೆಟ್ಟೂ ಇಲ್ಲ. ಅದರೊಳಗೆ ಮೊದಲ ದಿನದಿಂದಲೂ ಇದ್ದದ್ದು ಇವೇ ಏಳು ಗುರುತುಗಳು.

ಈ ಸಂಗತಿ ಅರ್ಥವಾದರೆ ಅರ್ಧ ರಿಪೇರಿ ಆದಂತೆ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳನ್ನು ಕಸುಬಿನವರು ಆಸ್ಕಿ ಫಾಂಟು ಎನ್ನುತ್ತಾರೆ. ಅಂಥ ಫಾಂಟಿನಲ್ಲಿ ಇರುವುದು ಹೆಚ್ಚೆಂದರೆ 256 ಮನೆ. ಅದೂ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗಾಗಿ ಕಟ್ಟಿದ ಮನೆಗಳು. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನೆಲ್ಲ ಒಂದೊಂದಾಗಿ ಅಲ್ಲಿ ಕೂರಿಸಲು ಸಾಧ್ಯವೇ ಇರಲಿಲ್ಲ. ಹಾಗಾಗಿ ಅಕ್ಷರಗಳನ್ನೇ ತುಂಡು ಮಾಡಿದರು. ಪಿ ಇದ್ದ ಮನೆಯಲ್ಲಿ ತಲೆಕಟ್ಟಿಲ್ಲದ ‘ಕ’, ಗೀಟಿನ ಎ ಇದ್ದಲ್ಲಿ ಬರೀ ತಲೆಕಟ್ಟು, ಪೌಂಡಿನ ಮನೆಯಲ್ಲಿ ‘ನ’ದ ಮೈ, ಜರ್ಮನ್ ಅಕ್ಷರದ ಜಾಗದಲ್ಲಿ ‘ನ’ದ ಒತ್ತು, ಕ್ಯೂ ಇದ್ದಲ್ಲಿ ‘ಡ’ದ ಮೈ. ಈ ಏಳು ತುಂಡುಗಳನ್ನು ಸಾಲಾಗಿ ಇಟ್ಟರೆ ಕಣ್ಣಿಗೆ ‘ಕನ್ನಡ’ ಎಂದು ಕಾಣುತ್ತದೆ. ಕಾಣಿಸುವ ಕೆಲಸವೆಲ್ಲ ಫಾಂಟಿನದು. ಯಂತ್ರದ ಲೆಕ್ಕದಲ್ಲಿ ಅದು ಪಿ, ಎ, ಪೌಂಡು ಅಷ್ಟೇ. ಸಿ ಡ್ರೈವ್ ಅಳಿಸಿದಾಗ ಫಾಂಟು ಹೋಯಿತು, ಒಳಗಿದ್ದದ್ದು ಹೊರಗೆ ಕಂಡಿತು.

ಈ ದಾರಿ ಹಿಡಿದವರನ್ನು ಈಗ ದೂರುವುದು ನ್ಯಾಯವಲ್ಲ. ಲೋಕದ ಲಿಪಿಗಳಿಗೆಲ್ಲ ಒಂದೊಂದು ಅಂಕೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಆದರೆ ಕಾಗದದ ಮೇಲಿನ ಆ ಪಟ್ಟಿ ವಿಂಡೋಸ್‌ನಲ್ಲಿ ಕೆಲಸಕ್ಕೆ ಬಂದದ್ದು 2001ರಲ್ಲಿ, ‘ತುಂಗಾ’ ಫಾಂಟಿನ ಜೊತೆ ಎಕ್ಸ್‌ಪಿ ಬಂದಾಗ. ಅಲ್ಲಿಯೂ ಕಂಟ್ರೋಲ್ ಪ್ಯಾನೆಲ್‌ನ ಒಳಗೆ ಹೋಗಿ ಸಂಕೀರ್ಣ ಲಿಪಿಗಳ ಚೌಕಕ್ಕೆ ಟಿಕ್ ಹಾಕಿ, ಸಿ.ಡಿ. ತುರುಕಿದ ಮೇಲೆಯೇ ಕನ್ನಡ ಮೂಡುತ್ತಿತ್ತು. ಅಷ್ಟರವರೆಗೆ ಕಾಯುತ್ತ ಕೂರಲು ಪತ್ರಿಕೆಗಳಿಗೂ ಕಚೇರಿಗಳಿಗೂ ಆಗುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ತಂದಿತು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ‘ಶ್ರೀಲಿಪಿ’ ಅಚ್ಚುಮನೆಗಳಲ್ಲಿ ನೆಲೆಯೂರಿತು. ಕಂಪ್ಯೂಟರಿನಲ್ಲಿ ಕನ್ನಡದ ಬಳಕೆ ಹಬ್ಬಿದ್ದು ಇವುಗಳಿಂದ. ತೊಂದರೆ ಇರುವುದು ಅವುಗಳ ಹುಟ್ಟಿನಲ್ಲಲ್ಲ. ಯೂನಿಕೋಡ್ ಕೈಗೆ ಬಂದು ಇಷ್ಟು ವರ್ಷ ಕಳೆದರೂ ಹಳೆಯ ಫೈಲುಗಳನ್ನು ಹಾಗೇ ಬಿಟ್ಟುಕೊಂಡು, ಹೊಸ ಫೈಲುಗಳನ್ನೂ ಅದೇ ಪದ್ಧತಿಯಲ್ಲಿ ಕೂಡಿಹಾಕುತ್ತ ಬಂದದ್ದರಲ್ಲಿ.

ಅಕ್ಷರ ಕೆಟ್ಟಿದೆ ಎಂದು ಸರ್ವೀಸಿನ ಹುಡುಗನಿಗೆ ಫೋನ್ ಮಾಡುವ ಮುನ್ನ ಹೇಗೆ ಕೆಟ್ಟಿದೆ ಎಂದು ನೋಡಬೇಕು. ವೈದ್ಯರು ನಾಲಿಗೆ ಚಾಚಲು ಹೇಳುವ ಹಾಗೆ ಇದು. ಇಂಗ್ಲಿಷಿನ ಕಲಸುಮೇಲೋಗರ ಕಂಡರೆ ಆಸ್ಕಿ ಫಾಂಟು ಇಲ್ಲವೆಂದು ಅರ್ಥ. ಫಾಂಟು ಹಾಕಿದರೆ ಎಲ್ಲ ವಾಪಸು ಬರುತ್ತದೆ. ಖಾಲಿ ಡಬ್ಬಿಗಳ ಸಾಲು ಕಂಡರೆ ಒಳಗಿರುವುದು ಯೂನಿಕೋಡ್ ಕನ್ನಡವೇ, ಆರಿಸಿದ ಫಾಂಟಿನಲ್ಲಿ ಮಾತ್ರ ಕನ್ನಡವಿಲ್ಲ. ‘ನಿರ್ಮಲಾ ಯುಐ’ ಎಂಬ ಫಾಂಟಿಗೆ ಬದಲಿಸಿದರೆ ಸಾಕು, ವಿಂಡೋಸ್ 8ರಿಂದ ಈಚೆಗೆ ಅದು ಯಂತ್ರದ ಜೊತೆಗೇ ಬರುತ್ತದೆ. ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲೇ ನಿಂತು ‘ಕ್ಷ’ ಎಂಬುದು ‘ಕ್‌ಷ’ ಆಗಿದ್ದರೆ ಆ ತಂತ್ರಾಂಶಕ್ಕೆ ಕನ್ನಡ ಜೋಡಿಸಲು ಬರುತ್ತಿಲ್ಲ. ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲಿ ‘ವರ್ಲ್ಡ್ ರೆಡಿ’ ಎಂಬ ಜೋಡಣೆಯನ್ನು ಆರಿಸಿಕೊಂಡರೆ ಇದು ಸರಿಹೋಗುತ್ತದೆ.

ಹೆದರಬೇಕಾದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡಾಗ. ಯೂನಿಕೋಡ್ ಕನ್ನಡವನ್ನು ಯಾರೋ ಯಾವಾಗಲೋ ಹಳೆಯ ಪದ್ಧತಿಯ ಪಠ್ಯವಾಗಿ ಸೇವ್ ಮಾಡಿದ್ದಾರೆ, ಅಕ್ಷರಗಳು ಆಗಲೇ ಅಳಿದಿವೆ. ಯಾವ ಫಾಂಟೂ ಅದನ್ನು ಮರಳಿ ತರಲಾರದು. ಬೇರೆ ಪ್ರತಿ ಹುಡುಕುವುದೊಂದೇ ದಾರಿ.

ಇವುಗಳಲ್ಲಿ ಮೊದಲನೆಯದು, ಆಸ್ಕಿ ಫಾಂಟು ಇಲ್ಲದ ತೊಂದರೆಯೇ ಹೆಚ್ಚು. ಅದರಲ್ಲಿ ಒಂದು ತಿರುವೂ ಇದೆ. ಫಾಂಟು ಹಾಕಿದ ಮೇಲೂ ಪೇಜ್‌ಮೇಕರ್‌ನಲ್ಲೋ ಕೋರೆಲ್‌ಡ್ರಾದಲ್ಲೋ ಅದರ ಹೆಸರೇ ಕಾಣದೆ ಅಂಗಡಿಯವರು ಅರ್ಧ ದಿನ ಕಳೆಯುವುದುಂಟು. 2018ರ ಕೊನೆಯ ವಿಂಡೋಸ್ 10 ಆವೃತ್ತಿಯಿಂದ ಈಚೆಗೆ, ಫಾಂಟಿನ ಮೇಲೆ ಎರಡು ಸಲ ಒತ್ತಿ ಸೇರಿಸಿದರೆ ಅದು ಆ ಒಬ್ಬ ಬಳಕೆದಾರನ ಕೋಶಕ್ಕೆ ಹೋಗುತ್ತದೆ. ಯಂತ್ರದ ಫಾಂಟ್ಸ್ ಕೋಶಕ್ಕೆ ಹೋಗುವುದಿಲ್ಲ. ಹಳೆಯ ತಂತ್ರಾಂಶಗಳು ಹುಡುಕುವುದು ಯಂತ್ರದ ಕೋಶದಲ್ಲಿ. ಫಾಂಟ್ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ‘ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್ ಮಾಡು’ ಎಂಬ ಸಾಲನ್ನು ಆರಿಸಿದರೆ ಹೆಸರು ಕಾಣಿಸಿಕೊಳ್ಳುತ್ತದೆ. ‘ತುಂಗಾ’ ಬೇಕಾದವರಿಗೂ ಹೀಗೊಂದು ಒಗಟಿದೆ. ವಿಂಡೋಸ್ 10ರಿಂದ ಅದನ್ನು ಮೂಲ ಕಂತೆಯಿಂದ ತೆಗೆದು ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸೇರಿಸಿದ್ದಾರೆ. ಸೆಟ್ಟಿಂಗ್ಸ್‌ನಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಎಂದು ಹುಡುಕಿದರೆ ಸಿಗುತ್ತದೆ.

ಫಾಂಟು ಇದೆ, ಹೆಸರೂ ಕಾಣುತ್ತಿದೆ, ಆದರೂ ಅಕ್ಷರ ಚೂರುಚೂರು. ಆಗ ಕಂಟ್ರೋಲ್ ಪ್ಯಾನೆಲ್‌ನ ‘ರೀಜನ್’ ವಿಭಾಗಕ್ಕೆ ಹೋಗಬೇಕು. ಯೂನಿಕೋಡ್ ಅಲ್ಲದ ತಂತ್ರಾಂಶಗಳು ಯಾವ ಭಾಷೆಯವು ಎಂದು ಅಲ್ಲಿ ನಮೂದಿಸಿರುತ್ತಾರೆ. ಅದು ಇಂಗ್ಲಿಷ್ ಆಗಿರಬೇಕು. ಅಲ್ಲೇ ಕೆಳಗೆ ‘ಯುಟಿಎಫ್-8’ ಎಂಬ ಪ್ರಾಯೋಗಿಕ ಆಯ್ಕೆಯೊಂದಿದೆ. ಹೆಸರು ಕೇಳಿ ಕನ್ನಡಕ್ಕೆ ಒಳ್ಳೆಯದಿರಬೇಕು ಎಂದು ಟಿಕ್ ಹಾಕಿದರೆ ಆಸ್ಕಿ ಫಾಂಟಿನ ಮೇಲ್ಭಾಗದ ಮನೆಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ. ಗೀಟಿನ ಎ, ಪೌಂಡು ಎಲ್ಲ ಇರುವುದು ಆ ಮೇಲ್ಭಾಗದಲ್ಲೇ. ಟಿಕ್ ತೆಗೆದು ಯಂತ್ರವನ್ನು ಮತ್ತೆ ಶುರುಮಾಡಿದರೆ ತಲೆಕಟ್ಟುಗಳು ಹಿಂದಿರುಗುತ್ತವೆ.

ಟೈಪ್ ಮಾಡಿದರೆ ಇಂಗ್ಲಿಷೇ ಬೀಳುತ್ತಿದೆ ಎಂಬ ದೂರಿನ ಮೂಲ ಬೇರೆ. ಅಡ್ಮಿನಿಸ್ಟ್ರೇಟರ್ ಹಕ್ಕಿನಿಂದ ತೆರೆದ ತಂತ್ರಾಂಶಕ್ಕೆ ಸಾಮಾನ್ಯ ಹಕ್ಕಿನ ತಂತ್ರಾಂಶವೊಂದು ಕೀಲಿಗಳನ್ನು ಕಳಿಸದಂತೆ ವಿಂಡೋಸ್ ವಿಸ್ತಾದ ಕಾಲದಿಂದ ತಡೆ ಇದೆ. ಹಳೆಯ ಪೇಜ್‌ಮೇಕರನ್ನು ಆ ಹಕ್ಕಿನಿಂದ ತೆರೆದು, ಕೀಲಿಮಣೆಯ ತಂತ್ರಾಂಶವನ್ನು ಹಾಗೇ ಬಿಟ್ಟರೆ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸದು. ಎರಡನ್ನೂ ಒಂದೇ ಹಕ್ಕಿನಿಂದ ತೆರೆಯಬೇಕು. ಇನ್ನು ಇನ್‌ಸ್ಟಾಲರೇ 16 ಬಿಟ್‌ನದಾಗಿರುವಷ್ಟು ಹಳೆಯ ತಂತ್ರಾಂಶ ವಿಂಡೋಸ್ 11ರಲ್ಲಿ ಕಾಲಿಡುವುದೇ ಇಲ್ಲ, ಏಕೆಂದರೆ ಅದು 64 ಬಿಟ್‌ನಲ್ಲಿ ಮಾತ್ರ ಬರುತ್ತದೆ.

ಇಷ್ಟೆಲ್ಲ ಹೇಳಿದ್ದು ಇಂದಿನ ಗಿರಾಕಿಯನ್ನು ಕಳಿಸಿಕೊಡಲು. ನಾಳೆಯ ಮಾತಾದರೆ ಫೈಲುಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ಆಸ್ಕಿ ಫೈಲಿನಲ್ಲಿ ‘ಕರಾರು’ ಎಂದು ಹುಡುಕಿದರೆ ಯಂತ್ರಕ್ಕೆ ಸಿಗದು. ಮೊಬೈಲಿಗೆ ಕಳಿಸಿದರೆ ಓದಲಾಗದು. ದೃಷ್ಟಿಯಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಅದನ್ನು ಪಿ, ಎ, ಪೌಂಡು ಎಂದೇ ಓದುತ್ತದೆ. ಪಿಡಿಎಫ್ ಮಾಡಿ ಇಟ್ಟರೆ ಫಾಂಟು ಅದರೊಳಗೇ ಸೇರಿಕೊಳ್ಳುವುದರಿಂದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಆದರೆ ಅಲ್ಲಿಂದ ಒಂದು ಸಾಲು ನಕಲು ಮಾಡಿ ನೋಡಿ, ಹಳೆಯ ಕಥೆಯೇ.

‘ನುಡಿ’, ‘ಬರಹ’ ಎರಡರಲ್ಲೂ ಪರಿವರ್ತನೆಯ ಸಲಕರಣೆ ಇದೆ. ಅದನ್ನು ಕಣ್ಣುಮುಚ್ಚಿ ನಂಬುವುದು ಬೇಡ. ಆಸ್ಕಿಯಲ್ಲಿ ಅರ್ಕಾವತ್ತನ್ನು ಬರೆಯುವಂತೆಯೇ, ಅಕ್ಷರದ ನಂತರ ಇಡುತ್ತಾರೆ. ಯೂನಿಕೋಡ್ ಉಚ್ಚಾರದ ಕ್ರಮದಲ್ಲಿ ನಡೆಯುತ್ತದೆ, ರಕಾರ ಮೊದಲು ಬರಬೇಕು. ‘ಕರ್ನಾಟಕ’ದಲ್ಲಿ ‘ನಾ’ ಆದ ಮೇಲಿದ್ದ ಅರ್ಕಾವತ್ತನ್ನು ಎತ್ತಿ ಅದರ ಹಿಂದಕ್ಕೆ ಒಯ್ಯುವ ಕೆಲಸವನ್ನು ಪರಿವರ್ತಕ ಮಾಡಬೇಕು. ಹಾಗಾಗಿ ಧರ್ಮ, ವರ್ಷ, ಸೂರ್ಯ, ಕಾರ್ಯದರ್ಶಿ ಇಂಥ ಮಾತುಗಳನ್ನೇ ಮೊದಲು ಪರೀಕ್ಷಿಸುವುದು ಒಳ್ಳೆಯದು. ‘ರ‍್ಯಾಂಕ್’, ‘ರ‍್ಯಾಲಿ’ಗಳು ಇನ್ನೊಂದು ಬಗೆಯ ಪೇಚು. ನಡುವೆ ಇಂಗ್ಲಿಷ್ ಬಂದರಂತೂ ಎಚ್ಚರ. ಆಸ್ಕಿಯಲ್ಲಿ ಕನ್ನಡದ ಪಿ ಯಾವುದು, ಇಂಗ್ಲಿಷಿನ ಪಿ ಯಾವುದು ಎಂದು ತಿಳಿಯುವುದು ಫಾಂಟಿನ ಹೆಸರಿನಿಂದ ಮಾತ್ರ. ಬರೀ ಪಠ್ಯವನ್ನು ತೆಗೆದು ಪರಿವರ್ತಕಕ್ಕೆ ಕೊಟ್ಟರೆ ಆ ಹೆಸರು ಹೋಗುತ್ತದೆ, ಗಿರಾಕಿಯ ಇ-ಮೇಲ್ ವಿಳಾಸವೂ ವಿಚಿತ್ರ ಕನ್ನಡವಾಗಿಬಿಡುತ್ತದೆ. ಫಾಂಟಿನ ವಿವರ ಉಳಿದಿರುವ ಮೂಲ ವರ್ಡ್ ಫೈಲನ್ನೇ ಕೊಡಬೇಕು. ಮೂಲವನ್ನು ಅಳಿಸದೆ ಇಟ್ಟುಕೊಳ್ಳಬೇಕು. ಪೇಜ್‌ಮೇಕರ್‌ಗೆ ಯೂನಿಕೋಡ್ ತಿಳಿಯದು. ಅಚ್ಚಿಗೆ ಅದನ್ನೇ ನೆಚ್ಚಿಕೊಂಡವರು ಸ್ವಲ್ಪ ಕಾಲ ಎರಡನ್ನೂ ಸಾಕಬೇಕಾಗುತ್ತದೆ.

ಯೂನಿಕೋಡ್ ಎಂದೊಡನೆ ವರ್ಷಗಟ್ಟಲೆ ಟೈಪ್ ಮಾಡಿದವರು ಹಿಂಜರಿಯುವುದಕ್ಕೆ ಒಂದೇ ಕಾರಣ: ಬೆರಳಿಗೆ ಹೊಸದಾಗಿ ಕಲಿಸಬೇಕೇನೋ ಎಂಬ ಭಯ. ಇಲ್ಲಿ ಕೆ.ಪಿ. ರಾವ್ ಅವರನ್ನು ನೆನೆಯಬೇಕು. ‘ನುಡಿ’ಯ ಕೀಲಿಮಣೆ ಅವರು ರೂಪಿಸಿದ ವಿನ್ಯಾಸದಿಂದ ಬಂದದ್ದು. ಅದರಲ್ಲಿ ‘ಕನ್ನಡ’ ಎಂದು ಬರೆಯಲು ಒತ್ತಬೇಕಾದದ್ದು ಐದು ಕೀಲಿ: ಕೆ, ಎನ್, ಎಫ್, ಎನ್, ಡಬ್ಲ್ಯೂ. ಅಂದರೆ ಕ, ನ, ಒತ್ತು ಕೊಡುವ ಕೊಂಡಿ, ನ, ಡ. ಯೂನಿಕೋಡಿನಲ್ಲಿ ಅದೇ ಮಾತು ಕೂತಿರುವುದೂ ಐದೇ ಸಂಕೇತವಾಗಿ, ಇದೇ ಕ್ರಮದಲ್ಲಿ. ತುಂಡುಗಳ ಗೊಡವೆ ಇದ್ದದ್ದು ಫಾಂಟಿನಲ್ಲಿ. ಬೆರಳು ಆಗಿನಿಂದಲೂ ಪೂರ್ತಿ ಅಕ್ಷರಗಳನ್ನೇ ಒತ್ತುತ್ತಿತ್ತು. ವಿಜಯನಗರದ ಅಂಗಡಿಯಲ್ಲಿ ಕೂತು ‘ನುಡಿ’ ಕುಟ್ಟುವ ಹೆಣ್ಣುಮಗಳು ಯೂನಿಕೋಡಿಗೆ ಹೋಗಲು ಹೊಸತೇನನ್ನೂ ಕಲಿಯಬೇಕಿಲ್ಲ, ತಂತ್ರಾಂಶದಲ್ಲಿ ಯೂನಿಕೋಡ್ ಎಂಬ ಆಯ್ಕೆಗೆ ಬದಲಿಸಿಕೊಂಡರೆ ಸಾಕು. ಗೊಂದಲ ಹುಟ್ಟುವುದು ಹೊಸ ವಿಂಡೋಸ್ ತಾನಾಗಿ ಕೊಡುವ ಕೀಲಿಮಣೆಗಳಿಂದ. ಅಲ್ಲಿ ಇನ್‌ಸ್ಕ್ರಿಪ್ಟ್ ಇದೆ, 2019ರಿಂದ ಲಿಪ್ಯಂತರದ ಮಾದರಿಯೂ ಇದೆ. ಎರಡೂ ‘ನುಡಿ’ಯಂತಲ್ಲ. ಅವನ್ನು ಒತ್ತಿ ನೋಡಿ ‘ಯೂನಿಕೋಡ್ ನಮಗಾಗದು’ ಎಂದು ಕೈಬಿಟ್ಟವರು ಬಹಳ. ಲಿನಕ್ಸ್‌ಗೆ ಹೋದರೂ ಈ ಬೆರಳಿಗೆ ನಷ್ಟವಿಲ್ಲ, ಅಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಈ ವಿನ್ಯಾಸ ಸಿಗುತ್ತದೆ.

ಅಕ್ಷರ ಸರಿಯಾದ ಮೇಲೆ ಕೈಕೊಡುವುದು ಪ್ರಿಂಟರು. ಜೆರಾಕ್ಸ್ ಅಂಗಡಿಗಳ ಹಳೆಯ ಒಡನಾಡಿಗಳಾದ ಎಚ್‌ಪಿ ಲೇಸರ್‌ಜೆಟ್ 1020, ಕ್ಯಾನನ್ ಎಲ್‌ಬಿಪಿ 2900 ತಮ್ಮದೇ ಡ್ರೈವರ್ ಇಲ್ಲದೆ ಒಂದು ಗೆರೆಯನ್ನೂ ಮುದ್ರಿಸವು. 1020 ಅಂತೂ ಪ್ರತಿ ಸಲ ಆನ್ ಆದಾಗಲೂ ತನ್ನ ಒಳತಂತ್ರಾಂಶವನ್ನು ಕಂಪ್ಯೂಟರಿನಿಂದಲೇ ಪಡೆಯಬೇಕಾದ ಯಂತ್ರ. ವಿಂಡೋಸ್ ತಾನೇ ಹುಡುಕಿ ಕೊಡುತ್ತದೆ ಎಂದು ಕಾಯದೆ, ಅಪ್‌ಗ್ರೇಡ್‌ಗೆ ಮೊದಲೇ 64 ಬಿಟ್ ಡ್ರೈವರನ್ನು ಕಂಪನಿಯ ತಾಣದಿಂದ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳುವುದು ಜಾಣತನ. ಒಂದು ಯಂತ್ರಕ್ಕೆ ಕಟ್ಟಿದ ಪ್ರಿಂಟರನ್ನು ಇನ್ನೊಂದರಿಂದ ಬಳಸುವ ಅಂಗಡಿಗಳಲ್ಲಿ ಬೇರೆಯದೇ ತೊಡಕು. 2024ರ ಕೊನೆಗೆ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯು ಪಾಸ್‌ವರ್ಡ್ ಇಲ್ಲದ ಅತಿಥಿ ಪ್ರವೇಶವನ್ನು ಪ್ರೊ ಯಂತ್ರಗಳಲ್ಲಿ ಮುಚ್ಚಿದೆ. ನಿನ್ನೆಯವರೆಗೆ ಸಿಗುತ್ತಿದ್ದ ಪಕ್ಕದ ಯಂತ್ರದ ಪ್ರಿಂಟರೋ ಫೋಲ್ಡರೋ ಇಂದು ಸಿಗದಿದ್ದರೆ, ಆ ಯಂತ್ರದಲ್ಲಿ ಪಾಸ್‌ವರ್ಡ್ ಸಹಿತ ಒಂದು ಬಳಕೆದಾರ ಖಾತೆ ಮಾಡಿ ಅದರಿಂದ ಒಳಗೆ ಹೋಗಬೇಕು. ಭದ್ರತೆಯನ್ನೇ ಸಡಿಲಿಸುವ ಅಡ್ಡದಾರಿಗಳನ್ನು ಯಾರಾದರೂ ಹೇಳಿಕೊಟ್ಟರೆ ಬೇಡವೆನ್ನಬೇಕು. ಗಿರಾಕಿಗಳ ಆಧಾರ್ ಪ್ರತಿಗಳು ಇರುವುದು ಅದೇ ಯಂತ್ರದಲ್ಲಿ.

ಹಳೆಯ ಯಂತ್ರ ವಿಂಡೋಸ್ 11ಕ್ಕೆ ತಕ್ಕುದೇ ಎಂಬ ಪ್ರಶ್ನೆಗೆ ಉತ್ತರ ಸರಳ. ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಆದರೆ ಬಹುಪಾಲು 8ನೇ ತಲೆಮಾರು ಅಥವಾ ಈಚಿನದಾಗಿರಬೇಕು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇರಬೇಕು. 4 ಜಿಬಿ ಕಾಗದದ ಮೇಲಿನ ಲೆಕ್ಕ. ಕೋರೆಲ್‌ಡ್ರಾ ಓಡಿಸುವವರಿಗೆ 8 ಬೇಕು, ತಿರುಗುವ ಹಾರ್ಡ್‌ಡಿಸ್ಕ್ ಬದಲು ಎಸ್‌ಎಸ್‌ಡಿ ಬೇಕು. ಎಸ್‌.ಪಿ. ರಸ್ತೆಗೆ ಒಂದು ಸುತ್ತು ಹೋಗಿ ಎಸ್‌ಎಸ್‌ಡಿ ತಂದು ಹಾಕಿಸಿದರೆ ‘ಅಪ್‌ಗ್ರೇಡ್ ಆದ ಮೇಲೆ ಸಿಸ್ಟಮ್ ಸ್ಲೋ’ ಎಂಬ ದೂರು ಹೆಚ್ಚುಕಡಿಮೆ ಮುಗಿಯುತ್ತದೆ. ಯಂತ್ರ ತೀರಾ ಹಳೆಯದಾದರೆ ಬಲವಂತ ಬೇಡ. ವೈಯಕ್ತಿಕ ಬಳಕೆಯ ವಿಂಡೋಸ್ 10 ಯಂತ್ರಗಳಿಗೆ ನೋಂದಣಿ ಮಾಡಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸುರಕ್ಷತಾ ಅಪ್‌ಡೇಟು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿದೆ.

ಫಾರ್ಮ್ಯಾಟ್ ಹೊಡೆಸದೆ ಇದ್ದದ್ದರ ಮೇಲೆಯೇ ಅಪ್‌ಗ್ರೇಡ್ ಮಾಡಿಸಿದವರಿಗೆ ಒಂದು ಸಮಾಧಾನ ಇದೆ. ಹಳೆಯ ವ್ಯವಸ್ಥೆ ‘ವಿಂಡೋಸ್ ಓಲ್ಡ್’ ಎಂಬ ಫೋಲ್ಡರಿನಲ್ಲಿ 10 ದಿನ ಕಾದಿರುತ್ತದೆ. ಸೆಟ್ಟಿಂಗ್ಸ್‌ನ ರಿಕವರಿ ವಿಭಾಗದಿಂದ ಹಿಂದಕ್ಕೆ ಹೋಗಬಹುದು. ಜಾಗ ಮಾಡಿಕೊಳ್ಳಲು ಆ ಫೋಲ್ಡರನ್ನು ಮೊದಲ ದಿನವೇ ಅಳಿಸುವುದು ದೊಡ್ಡ ತಪ್ಪು. ಯಂತ್ರ ನೀಲಿ ಪರದೆ ತೋರಿಸಿ ಬಿಟ್‌ಲಾಕರ್ ಕೀಲಿ ಕೇಳಿದರೆ ಗಾಬರಿ ಬೇಡ. ಆ 48 ಅಂಕೆಗಳು ಸಾಮಾನ್ಯವಾಗಿ ಯಂತ್ರ ಹೊಂದಿಸುವಾಗ ಕೊಟ್ಟ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತವೆ. ಆ ಖಾತೆ ಸರ್ವೀಸಿನ ಹುಡುಗನ ಇ-ಮೇಲ್ ಆಗಿದ್ದರೆ ಮಾತ್ರ ಗಾಬರಿಪಡುವ ವಿಷಯವೇ. ಖಾತೆ ಅಂಗಡಿಯವರದ್ದೇ ಆಗಿರಲಿ.

ಅಪ್‌ಗ್ರೇಡ್ ನಡೆಯುವಾಗ ಕರೆಂಟ್ ಹೋದರೆ ಮೇಲಿನ ಯಾವ ಉಪಾಯವೂ ನಡೆಯದೆ ಹೋಗಬಹುದು. ಯುಪಿಎಸ್ ಬ್ಯಾಟರಿ ನೋಡಿಕೊಂಡು ಶುರುಮಾಡಬೇಕು. ಯಾವಾಗ ಶುರುಮಾಡಬೇಕು ಎಂಬುದಕ್ಕೆ ನಮ್ಮ ಪಂಚಾಂಗದಲ್ಲೇ ಉತ್ತರವಿದೆ. ಮಾಘ, ವೈಶಾಖದ ಮುಹೂರ್ತಗಳ ಹೊತ್ತಿಗೆ ಲಗ್ನಪತ್ರಿಕೆ ಮಾಡುವವರು ಯಂತ್ರ ಮುಟ್ಟಬಾರದು. ಆಷಾಢದಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಗಣೇಶನ ಬ್ಯಾನರುಗಳಿಗೆ ಇನ್ನೂ ಸಮಯವಿದೆ. ಫೈಲು ಪರಿವರ್ತಿಸಲು, ಡ್ರೈವರ್ ಹೊಂದಿಸಲು, ತಪ್ಪಾದರೆ ಹಿಂದಕ್ಕೆ ಹೋಗಲು ಅಷ್ಟು ಬಿಡುವಾದ ತಿಂಗಳು ಇನ್ನೊಂದಿಲ್ಲ.

ಅಂಗಡಿಗಳ ಮಾತು ಮನೆಗಳಿಗೂ ಸಲ್ಲುತ್ತದೆ. ನಿವೃತ್ತ ಮೇಷ್ಟ್ರುಗಳು ಟೈಪ್ ಮಾಡಿಸಿಟ್ಟ ಪ್ರಬಂಧಗಳು, ಬಡಾವಣೆಯ ಕನ್ನಡ ಸಂಘಗಳ ಸ್ಮರಣ ಸಂಚಿಕೆಗಳು, ಅಜ್ಜನ ನೆನಪುಗಳು, ವಂಶವೃಕ್ಷಗಳು ಸಿ.ಡಿ.ಗಳಲ್ಲೂ ಪೆನ್‌ಡ್ರೈವುಗಳಲ್ಲೂ ಪಿ, ಎ, ಪೌಂಡಿನ ರೂಪದಲ್ಲಿ ಕುಳಿತಿವೆ. ಅವನ್ನು ತೆರೆಯಬಲ್ಲ ಫಾಂಟು ಇರುವುದು ಮೂಲೆಗೆ ಸರಿಸಿದ ಹಳೆಯ ಕಂಪ್ಯೂಟರಿನಲ್ಲಿ. ಅದನ್ನು ಗುಜರಿಗೆ ಹಾಕುವ ಮೊದಲು ಫಾಂಟ್ಸ್ ಕೋಶವನ್ನು ಪೂರ್ತಿ ನಕಲು ಮಾಡಿಕೊಳ್ಳಿ, ಒಂದೊಂದೇ ಫೈಲನ್ನು ತೆರೆದು ಯೂನಿಕೋಡಿಗೆ ತನ್ನಿ, ಅರ್ಕಾವತ್ತುಗಳನ್ನು ಓದಿ ತಿದ್ದಿ. ಆ ಯಂತ್ರ ಇನ್ನೂ ಆನ್ ಆಗುತ್ತಿರುವಾಗಲೇ ಈ ಕೆಲಸ ಮುಗಿಸಿ.